ವಿಡಿಯೊ ತಡವರಿಸಿದರೆ ಕಂಪ್ಯೂಟರ್ ಗುಜರಿಗಲ್ಲ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ನಾನು ಧಾರವಾಡದ ಮನೆಯಲ್ಲಿರುವ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಆಧಾರಿತ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟು ಹಾಕಿಸಿಕೊಂಡೆ. ಬರವಣಿಗೆ, ಮುದ್ರಣಗಳಿಗೆ ತೊಂದರೆಯಾಗಲಿಲ್ಲ. ಆದರೆ ಮೊಮ್ಮಗಳು ಮೊಬೈಲಿನಲ್ಲಿ ಚಿತ್ರೀಕರಿಸಿ ಕಳುಹಿಸಿದ ಸಿದ್ಧಾರೂಢ ಮಠದ ತೇರಿನ ವಿಡಿಯೊ ಮೊದಲು ತೆರೆಯಲೇ ಇಲ್ಲ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ತೆರೆದರೂ ಹೆಜ್ಜೆಹೆಜ್ಜೆಗೆ ನಿಂತಿತು. ನಿಜವಾದ ತೇರೂ ಅಷ್ಟು ಸಲ ನಿಂತಿರಲಿಕ್ಕಿಲ್ಲ. ದುರಸ್ತಿ ಅಂಗಡಿಯವರು ನೋಡಿದ ಕೂಡಲೇ, ‘ಮಷೀನು ಹಳೇದಾಗೇತ್ರಿ, ಹೊಸಾದು ತಗೋರಿ’ ಎಂದರು. ಈ ಸಲಹೆಗೆ ನನ್ನ ಆಕ್ಷೇಪವಿದೆ.

ಇಲ್ಲಿದ್ದದ್ದು ಎರಡು ಬೇರೆ ದೋಷಗಳು. ಮೊದಲನೆಯದು ವಿಡಿಯೊ ತೆರೆಯದಿದ್ದುದು. ವಿಡಿಯೊವನ್ನು ಕುಗ್ಗಿಸಿಡುವ ಎಚ್.264ರಂತಹ ಸ್ವರೂಪಗಳ ಮೇಲೆ ಪೇಟೆಂಟ್ ಹಕ್ಕುಗಳಿರುವುದರಿಂದ ಹಲವು ಲಿನಕ್ಸ್ ವಿತರಣೆಗಳು ಅವುಗಳ ಕೊಡೆಕ್‌ಗಳನ್ನು (ವಿಡಿಯೊವನ್ನು ಕುಗ್ಗಿಸುವ, ಬಿಡಿಸುವ ತಂತ್ರಾಂಶಗಳನ್ನು) ತಾವಾಗಿ ಸೇರಿಸುವುದಿಲ್ಲ. ಉಬುಂಟುವಿನಲ್ಲಿ ‘ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್’ ಎಂಬ ಪ್ಯಾಕೇಜು ಹಾಕಿದರೆ ಆ ಕೊರತೆ ನೀಗುತ್ತದೆ. (ಆಜ್ಞೆ ಬರೆಯುವ ಟರ್ಮಿನಲ್ ಕಿಟಕಿಯಲ್ಲಿ ಹಾಕುವಾಗ ನಡುವೆ ಬರುವ ಫಾಂಟ್ ಒಪ್ಪಂದದ ಪರದೆಯಲ್ಲಿ ಮೌಸ್ ನಡೆಯದು, ಟ್ಯಾಬ್ ಕೀಲಿ ಒತ್ತಬೇಕು, ನಾನು ಅಲ್ಲಿಯೇ ಅರ್ಧ ಗಂಟೆ ಕುಳಿತಿದ್ದೆ.)

ತಡವರಿಕೆಯ ಕಾರಣ ಬೇರೆ. ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿ ನೋಡಿದಾಗ ಆ ವಿಡಿಯೊ ಎಚ್.265 ಸ್ವರೂಪದ್ದು, ಅದೂ ಅತಿ ಹೆಚ್ಚು ಸ್ಪಷ್ಟತೆಯ 4ಕೆ ಅಳತೆಯದು ಎಂದು ತಿಳಿಯಿತು. ಜಾಗ ಉಳಿಸಲು ಇಂದಿನ ಅನೇಕ ಮೊಬೈಲುಗಳು ಎಚ್.265 ಸ್ವರೂಪವನ್ನೇ ಬಳಸುತ್ತವೆ. ನನ್ನದು ಇಂಟೆಲ್‌ನ ನಾಲ್ಕನೆಯ ಪೀಳಿಗೆಯ ಚಿಪ್ಪು, ಎಚ್.264 ಬಿಡಿಸುವ ವಿದ್ಯುತ್ ಮಂಡಲ ಅದರೊಳಗೇ ಇದೆ, ಎಚ್.265ಕ್ಕೆ ಅಂತಹ ಪೂರ್ಣ ಪ್ರಮಾಣದ ಮಂಡಲ ಇಲ್ಲ. ಹೀಗಾಗಿ ಭಾರವೆಲ್ಲ ಪ್ರೊಸೆಸರಿನ ಹೆಗಲಿಗೆ ಬಿದ್ದಿತ್ತು. ಹ್ಯಾಂಡ್‌ಬ್ರೇಕ್ ತಂತ್ರಾಂಶದಿಂದ ಅದೇ ವಿಡಿಯೊವನ್ನು ಎಚ್.264ಕ್ಕೆ, 4ಕೆಗಿಂತ ಚಿಕ್ಕದಾದ 1080ಪಿ ಅಳತೆಗೆ ಬದಲಿಸಿದ ಮೇಲೆ ತೇರು ಒಂದೇ ಓಟದಲ್ಲಿ ಸಾಗಿತು.

ಎಚ್.264 ವಿಡಿಯೊ ಕೂಡ ತಡವರಿಸಿದರೆ ಗ್ರಾಫಿಕ್ಸ್ ಚಾಲಕವನ್ನು (ಚಿಪ್ಪಿನ ಚಿತ್ರ ಮೂಡಿಸುವ ಭಾಗವನ್ನು ನಡೆಸುವ ‘ಡ್ರೈವರ್’ ತಂತ್ರಾಂಶವನ್ನು) ಶಂಕಿಸಬೇಕು. ಟರ್ಮಿನಲ್‌ನಲ್ಲಿ ‘ವಿಎಇನ್ಫೋ’ (vainfo) ಆಜ್ಞೆ ಕೊಟ್ಟರೆ ಚಿಪ್ಪು ತಾನೇ ಬಿಡಿಸಬಲ್ಲ ಸ್ವರೂಪಗಳ ಪಟ್ಟಿ ಬರುತ್ತದೆ. ಐದನೆಯ ಪೀಳಿಗೆಗಿಂತ ಹಿಂದಿನ ಇಂಟೆಲ್ ಚಿಪ್ಪುಗಳಿಗೆ ಹೊಸ ಐಎಚ್‌ಡಿ ಚಾಲಕ ಒಗ್ಗುವುದಿಲ್ಲ, ಹಳೆಯ ಐ965 ಬೇಕು.

ಹುಬ್ಬಳ್ಳಿ-ಧಾರವಾಡದ ದುರಸ್ತಿ ಅಂಗಡಿಗಳವರು ಹೊಸ ಯಂತ್ರದ ಮಾತೆತ್ತುವ ಮೊದಲು ಇಷ್ಟನ್ನಾದರೂ ಪರೀಕ್ಷಿಸಬೇಕು. ಹಳೆಯ ಕಂಪ್ಯೂಟರುಗಳಿರುವ ಶಾಲೆಗಳಿಗೆ ಪಾಠದ ವಿಡಿಯೊ ಮಾಡಿ ಕಳುಹಿಸುವ ಶಿಕ್ಷಕ ಮಿತ್ರರು ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಎಚ್.265 ಆಯ್ಕೆಯನ್ನು ತೆಗೆದು ಚಿತ್ರೀಕರಿಸಬೇಕೆಂದು ವಿನಂತಿಸುತ್ತೇನೆ.

— ಒಬ್ಬ ನಿವೃತ್ತ ಶಿಕ್ಷಕ, ಧಾರವಾಡ