ಗುಜರಿಗೆ ಹಾಕುವ ಮೊದಲು ಪ್ಲಗ್ ಬಿಚ್ಚಿ ನೋಡಿ

ಟೊಲಿಡೊ, ಒಹಾಯೊ
ಸೆಪ್ಟೆಂಬರ್ 14

ಅಪ್ಪಯ್ಯನಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಇಲ್ಲಿ ಚಳಿ ಇನ್ನೂ ಶುರುವಾಗಿಲ್ಲ, ಬೆಳಿಗ್ಗೆ ಮಾತ್ರ ಸ್ವೆಟರ್ ಬೇಕು. ಮೊನ್ನೆ ಫೋನಿನಲ್ಲಿ ಅಣ್ಣ, ಕೊಟ್ಟಿಗೆ ಹಿಂದೆ ಬಿದ್ದಿರುವ ಜೀಪಿನ ಹಳೇ ಪೆಟ್ರೋಲ್ ಇಂಜಿನ್ನನ್ನು ದೀಪಾವಳಿ ಒಳಗೆ ಗುಜರಿಯವನಿಗೆ ತೂಕಕ್ಕೆ ಹಾಕುತ್ತೇನೆ ಎಂದ. ನಾನು ಏನೋ ಹೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಅದಕ್ಕೇ ಈ ಕಾಗದ. ನೀವು ಓದಿ ಆಮೇಲೆ ಅವನಿಗೆ ಕೊಡಿ. ಫೋನಿನಲ್ಲಾದರೆ ಅವನು ಅರ್ಧ ಕೇಳಿ "ಆಯ್ತು ಮಾರಾಯ" ಅಂದು ಇಟ್ಟುಬಿಡುತ್ತಾನೆ.

ನಾನಿರುವುದು ವಿಲ್ಲಿಸ್ ಜೀಪು ಹುಟ್ಟಿದ ಊರಿನಲ್ಲಿ ಅಂತ ನೀವೇ ಊರೆಲ್ಲ ಹೇಳಿಕೊಂಡು ಬಂದವರು. ಯುದ್ಧದ ಕಾಲದಲ್ಲಿ ಇಲ್ಲೇ ಮೂರೂವರೆ ಲಕ್ಷಕ್ಕೂ ಜಾಸ್ತಿ ಜೀಪು ತಯಾರಾದವು. ಆ ಹಳೇ ಫ್ಯಾಕ್ಟರಿ ಈಗಿಲ್ಲ. 'ಓವರ್‌ಲ್ಯಾಂಡ್' ಎಂದು ಬರೆದ ಇಟ್ಟಿಗೆ ಚಿಮಣಿ ಒಂದನ್ನು ಉಳಿಸಿಕೊಂಡಿದ್ದಾರೆ, ಹೈವೇಯಿಂದ ಕಾಣುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜನಿಗೆ ಲೇತ್ ಕೆಲಸ ಗೊತ್ತು. ಅವರ ಅಪ್ಪನ ಹೊಲದಲ್ಲಿ, ಮೇಪಲ್ ಮರದ ಬುಡದಲ್ಲಿ, ಸಿಜೆ-2ಎ ಎನ್ನುವ ಹಳೇ ವಿಲ್ಲಿಸ್ ಜೀಪಿನ ಇಂಜಿನ್ನೊಂದು ನಲವತ್ತು ವರ್ಷ ಹಾಗೇ ಬಿದ್ದಿತ್ತು. ಮೇ ತಿಂಗಳಲ್ಲಿ ಅದನ್ನು ಎತ್ತಿ ತಂದೆವು. ಅಲ್ಲಿಂದ ನನ್ನ ಶನಿವಾರಗಳೆಲ್ಲ ಅದಕ್ಕೇ ಹೋಗಿವೆ.

ಅದು ಗೋ-ಡೆವಿಲ್ ಇಂಜಿನ್ನು. ಊರಲ್ಲಿ ಬಿದ್ದಿರುವ ನಮ್ಮ ಹರಿಕೇನ್ ಇಂಜಿನ್ನಿಗೆ ಅಣ್ಣ ಆಗಬೇಕು. ಎರಡರ ಬೋರೂ (ಸಿಲಿಂಡರಿನ ಅಗಲ) 3 1/8 ಇಂಚು, ಸ್ಟ್ರೋಕು (ಪಿಸ್ಟನ್ ಓಡುವ ದೂರ) 4 3/8 ಇಂಚು. ಇದರಲ್ಲಿ ಎಂಟೂ ವಾಲ್ವು ಬ್ಲಾಕಿನಲ್ಲೇ ಇವೆ. ನಮ್ಮದರಲ್ಲಿ ಗಾಳಿ-ಪೆಟ್ರೋಲ್ ಒಳಗೆ ಬಿಡುವ ಇನ್‌ಲೆಟ್ ವಾಲ್ವು ಮೇಲೆ ಹೆಡ್ಡಿಗೆ ಹೋಗಿದೆ, ಅಷ್ಟೇ. ಹಾಗಾಗಿ ಇಲ್ಲಿ ಕಲಿತದ್ದು ಬಹುಪಾಲು ಅಲ್ಲಿಗೂ ಸಲ್ಲುತ್ತದೆ.

ಮೊದಲ ದಿನವೇ ನಾನು ತಪ್ಪು ಮಾಡಿದೆ. ಇಂಜಿನ್ನು ಜಾಮ್ ಆಗಿತ್ತು. ಕ್ರಾಂಕಿನ ಮುಂದಿನ ನಟ್ಟಿಗೆ ಸ್ಪ್ಯಾನರ್ ಹಾಕಿ, ಅದಕ್ಕೆ ಉದ್ದದ ಪೈಪು ತೂರಿಸಿ ಜಗ್ಗಲು ಹೋದೆ. ಅಜ್ಜ ನನ್ನ ಕೈ ಹಿಡಿದು ನಿಲ್ಲಿಸಿದರು. ತುಕ್ಕು ಹಿಡಿದ ರಿಂಗನ್ನು ಬಲವಂತವಾಗಿ ಎಳೆದರೆ ಪಿಸ್ಟನ್ ಒಡೆಯುತ್ತದೆ, ಕನೆಕ್ಟಿಂಗ್ ರಾಡು ಬಾಗುತ್ತದೆ, ಉಳಿಯಬಹುದಾದ ಸಿಲಿಂಡರಿನ ಗೋಡೆಯೂ ಗೀರು ಬೀಳುತ್ತದೆ. ಸುಮ್ನೆ ಬಿಟ್ಟು, ಆಟೊಮ್ಯಾಟಿಕ್ ಗೇರಿನ ಕೆಂಪು ಎಣ್ಣೆಗೆ ಸಮ ಸಮ ಅಸಿಟೋನ್ ಕಲಸಿ ಪ್ಲಗ್ಗಿನ ತೂತಿನಿಂದ ಸುರಿದೆವು. ಎರಡು ವಾರ ದಿನಾ ಸ್ವಲ್ಪ ಸ್ವಲ್ಪ. ಆದರೂ ಹೆಡ್ಡು ಬಿಚ್ಚುವಾಗ ಅದನ್ನು ಬ್ಲಾಕಿಗೆ ಬಿಗಿಯುವ ಒಂದು ಸ್ಟಡ್ ಮುರಿದೇಬಿಟ್ಟೆ. ಉಳಿದವಕ್ಕೆ ಅಜ್ಜ ಟಾರ್ಚಿನಿಂದ ಚೆನ್ನಾಗಿ ಕಾಯಿಸಿ, ಆರುತ್ತಾ ಬರುವಾಗ ಬುಡಕ್ಕೆ ಮೇಣದಬತ್ತಿ ತಾಗಿಸಿದರು. ಮೇಣ ಕರಗಿ ಥ್ರೆಡ್ಡಿನೊಳಗೆ ಇಳಿಯುತ್ತದೆ. ಬೆಣ್ಣೆಯ ಹಾಗೆ ತಿರುಗಿದವು. ಮುರಿದದ್ದರ ಮೋಟಿನ ಮೇಲೆ ನಟ್ಟು ವೆಲ್ಡ್ ಮಾಡಿ ತೆಗೆಯಬೇಕಾಯಿತು.

ಹೆಡ್ಡು ಎತ್ತಿದಾಗ ಕಂಡದ್ದನ್ನು ನೀವು ನೋಡಬೇಕಿತ್ತು. ಒಂದು ಮತ್ತು ಎರಡನೇ ಸಿಲಿಂಡರಿನಲ್ಲಿ ತೆಳ್ಳಗೆ ಕಂದು ಬಣ್ಣ, ಬೆರಳಲ್ಲಿ ಉಜ್ಜಿದರೆ ಕೆಳಗೆ ಕಬ್ಬಿಣ ಹೊಳೆಯುತ್ತಿತ್ತು. ನಾಲ್ಕನೇದು ಸುಮಾರಾಗಿತ್ತು. ಮೂರನೇದರಲ್ಲಿ ಮಾತ್ರ ಪಿಸ್ಟನ್ ಮೇಲೆ ಎರಡು ಇಂಚು ಕೆಂಪು ಪುಡಿ, ಒಣಗಿದ ಎಲೆ, ಒಂದು ಜೇಡದ ಗೂಡು. ಒಂದೇ ಬ್ಲಾಕು, ಒಂದೇ ಮಳೆ, ಹೀಗೇಕೆ? ಅಜ್ಜ ಒಂದು ಚೀಟಿಯಲ್ಲಿ 1-3-4-2 ಎಂದು ಬರೆದರು. ಫೈರಿಂಗ್ ಆರ್ಡರು, ಅಂದರೆ ಸಿಲಿಂಡರುಗಳು ಉರಿಯುವ ಸರದಿ. ಅದರಿಂದ ಯಾವುದರ ವಾಲ್ವು ಯಾವಾಗ ತೆರೆದಿರುತ್ತದೆ ಎಂದು ತಿಳಿಯುತ್ತದೆ. ನಲವತ್ತು ವರ್ಷದ ಹಿಂದೆ ಇಂಜಿನ್ನು ಕೊನೇ ಸಲ ನಿಂತಾಗ ಮೂರರ ಇನ್‌ಲೆಟ್ ವಾಲ್ವು ತೆರೆದಿತ್ತು, ನಾಲ್ಕರ ಎಕ್ಸಾಸ್ಟ್ ತೆರೆದಿತ್ತು. ಒಂದು, ಎರಡು ಬಾಯಿ ಮುಚ್ಚಿಕೊಂಡಿದ್ದವು. ಯಾರೋ ಕಾರ್ಬುರೇಟರ್ ಬಿಚ್ಚಿಕೊಂಡು ಹೋಗಿದ್ದರಿಂದ ಮಳೆನೀರು ನೇರ ಮೂರಕ್ಕೆ ಇಳಿದಿದೆ. ಇಷ್ಟು ವರ್ಷ ಇಂಜಿನ್ನು ನೋಡಿದ್ದೇನೆ, ನನಗೆ ಇದು ಹೊಳೆದೇ ಇರಲಿಲ್ಲ.

ಈಗ ನಿಮಗೆ ನೆನಪಿರಬಹುದು. ಡೀಸೆಲ್ ಇಂಜಿನ್ನು ಕೂರಿಸಿದ ವರ್ಷ ನಮ್ಮದರ ಕಾರ್ಬುರೇಟರನ್ನು ನೀವೇ ಯಾರಿಗೋ ಕೊಟ್ಟಿದ್ದಿರಿ. ಆ ಬಾಯಿ ಇವತ್ತಿಗೂ ತೆರೆದೇ ಇದೆ.

ಬಿಚ್ಚಿದ ಕಥೆ ಉದ್ದ ಮಾಡುವುದಿಲ್ಲ. ಒಂದು, ಎರಡರ ಪಿಸ್ಟನ್ನು ಮರದ ತುಂಡಿಟ್ಟು ಕೆಳಗಿನಿಂದ ತಟ್ಟಿದರೆ ಬಂದವು. ಮೂರನೇದನ್ನು ಚೂರು ಚೂರಾಗಿಯೇ ತೆಗೆದೆವು. ಕ್ರಾಂಕು ಕೂರುವ ಮೈನ್ ಬೇರಿಂಗಿನ ಮೂರು ಕ್ಯಾಪಿಗೂ ಪಂಚ್‌ನಿಂದ ನಂಬರ್ ಹೊಡೆದಿಟ್ಟುಕೊಂಡೆವು. ಅವು ಅದಲು ಬದಲಾದರೆ ಕ್ರಾಂಕು ಕೂರುವುದಿಲ್ಲ.

ತುಕ್ಕು ತೆಗೆಯುವುದಕ್ಕೆ ಇಲ್ಲಿ ಹಲವರು ಬ್ಯಾಟರಿ ಚಾರ್ಜರ್ ಬಳಸುತ್ತಾರೆ. ವಾಷಿಂಗ್ ಸೋಡಾ ಕಲಸಿದ ನೀರಲ್ಲಿ ಬ್ಲಾಕು ಮುಳುಗಿಸಿ, ನೆಗೆಟಿವ್ ಅದಕ್ಕೆ, ಪಾಸಿಟಿವ್ ಒಂದು ಹಳೇ ಕಬ್ಬಿಣದ ಸರಳಿಗೆ. ಅದು ಸರಳಿನ ಎದುರಿಗಿರುವ ಮೈಯನ್ನು ಮಾತ್ರ ಚೆನ್ನಾಗಿ ತೊಳೆಯುತ್ತದೆ, ಸಿಲಿಂಡರಿನ ಸುತ್ತ ತಂಪು ನೀರು ಹರಿಯುವ ವಾಟರ್ ಜಾಕೆಟ್ಟಿನ ಒಳಗೆ ಮುಟ್ಟುವುದಿಲ್ಲ. ಅದಕ್ಕೆ ಅಜ್ಜ ಬೇರೆ ದಾರಿ ಹಿಡಿದರು. ಏನು ಗೊತ್ತಾ? ಕಾಕಂಬಿ! ಇಲ್ಲಿ ದನದ ಮೇವಿನ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗುತ್ತದೆ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ದೊಡ್ಡ ಪ್ಲಾಸ್ಟಿಕ್ ಡ್ರಮ್ಮು. ಜುಲೈ ಸೆಕೆಯಲ್ಲಿ ಮೂರು ವಾರ ಬ್ಲಾಕು ಅದರೊಳಗೆ ಕೂತಿತ್ತು. ಮೊದಲ ದಿನ ಆಲೆಮನೆ ವಾಸನೆ ಬಂದು ಊರು ನೆನಪಾಯಿತು. ನಾಲ್ಕನೇ ದಿನಕ್ಕೆ ಹುಳಿ ಬಂದು, ಮೇಲೆ ಬೂಸ್ಟು ಕಟ್ಟಿ, ನಿಮ್ಮ ಸೊಸೆ ಕಿಟಕಿಗಳನ್ನೆಲ್ಲ ಮುಚ್ಚಿದಳು. ಆದರೆ ಮೇಲೆತ್ತಿ ನೀರು ಬಿಟ್ಟಾಗ ಕಪ್ಪು ಕೆಸರು ಇಳಿದು ಹೋಗಿ ಒಳಗೆ ಬೂದು ಬಣ್ಣದ ಎರಕ ಕಂಡಿತು. ಅಚ್ಚಿನ ಗುರುತೂ ಕಾಣುತ್ತಿತ್ತು. ಅದು ಅಲ್ಯುಮಿನಿಯಂ ತಿನ್ನುತ್ತದೆ, ಪಿಸ್ಟನ್ ಜೊತೆಗೆ ಹಾಕಬಾರದು.

ತೊಳೆದ ಮೇಲೆ ನಿಂತು ನೋಡುತ್ತಾ ಕೂರುವ ಹಾಗಿಲ್ಲ. ಹತ್ತು ನಿಮಿಷಕ್ಕೇ ಹೊಸ ತುಕ್ಕು ಅರಿಸಿನದ ಹಾಗೆ ಏಳುತ್ತದೆ. ಬಿಸಿನೀರು, ಬ್ಲೋವರು, ಕೂಡಲೇ ಎಣ್ಣೆ. ನಮ್ಮಲ್ಲಿ ಎಣ್ಣೆ ಹಚ್ಚಿ ಸ್ನಾನ, ಇದಕ್ಕೆ ಸ್ನಾನ ಆಗಿ ಎಣ್ಣೆ.

ಬಿರುಕು ಇದೆಯಾ ಎನ್ನುವುದೇ ದೊಡ್ಡ ಭಯವಾಗಿತ್ತು. ಇಲ್ಲಿ ಚಳಿಗಾಲದಲ್ಲಿ ಜಾಕೆಟ್ಟಿನಲ್ಲಿ ನೀರು ನಿಂತಿದ್ದರೆ ಹೆಪ್ಪುಗಟ್ಟಿ ಉಬ್ಬುತ್ತದೆ, ಬ್ಲಾಕು ಸೀಳುತ್ತದೆ. ಅಜ್ಜ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಚಾಕ್ ಪುಡಿ ಉದುರಿಸಿದರು. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಪುಡಿಯಲ್ಲಿ ಗೆರೆ ಮೂಡುತ್ತದೆ. ಒಂದೂ ಮೂಡಲಿಲ್ಲ. ಆಮೇಲೆ ನೋಡಿದರೆ ನೀರು ಬಸಿಯುವ ಡ್ರೈನ್ ಕಾಕ್ ತೆರೆದೇ ಇತ್ತು. ಅಜ್ಜನ ಅಪ್ಪ ಇಂಜಿನ್ನು ಇಳಿಸಿದ ದಿನವೇ ತೆರೆದಿಟ್ಟಿದ್ದರಂತೆ. ಅಜ್ಜ ಆ ಕಾಕ್ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನಮ್ಮೂರಲ್ಲಿ ಆ ಹೆದರಿಕೆ ಇಲ್ಲವಲ್ಲ, ಮಳೆಯದ್ದು ಮಾತ್ರ.

ಮೊದಲು ಹೋದ ಬೋರಿಂಗ್ ಅಂಗಡಿಯವನು ಒಳಗೆ ಇಣುಕದೇ "ಎಸೆಯಿರಿ" ಅಂದ. ಎರಡನೆಯವನು ಅಳೆದ. ನಿಮಗೆ ಲೆಕ್ಕ ಗೊತ್ತು, ಅಣ್ಣನಿಗಾಗಿ ಬರೆಯುತ್ತೇನೆ. 60 ಸೈಜಿಗೆ (ಇಂಚಿನ ಸಾವಿರದಲ್ಲಿ 60 ಪಾಲು) ಬೋರ್ ಮಾಡಿದರೆ ಅಗಲ ಹೆಚ್ಚುವುದು ಒಂದೂವರೆ ಮಿಲಿಮೀಟರು. ಅಂದರೆ ಒಂದೊಂದು ಕಡೆ ಮುಕ್ಕಾಲು ಮಿಲಿಮೀಟರು. ತುಕ್ಕಿನ ಗುಂಡಿ ಅದಕ್ಕಿಂತ ಆಳ ಇದ್ದರೆ ಸ್ಲೀವ್, ಅಂದರೆ ಒಳಗೊಂದು ಹೊಸ ಕಬ್ಬಿಣದ ಕೊಳವೆ, ಹಾಕಲೇಬೇಕು. ನಮಗೆ ಮೂರನೇದಕ್ಕೆ ಸ್ಲೀವ್, ಉಳಿದವು 40ಕ್ಕೇ ಸ್ವಚ್ಛವಾದವು. ಪಿಸ್ಟನ್ ಇನ್ನೂ ಬಂದಿಲ್ಲ, ಆದ್ದರಿಂದ ಸ್ಟಾರ್ಟ್ ಮಾಡಿದ ಸಡಗರ ಬರೆಯಲು ಇಲ್ಲ.

ಇಷ್ಟು ಮಾಡಿ. ಇವತ್ತೇ ಆ ತೆರೆದ ಬಾಯಿಗೆ ಎಣ್ಣೆಬಟ್ಟೆ ತುರುಕಿ, ಮೇಲೊಂದು ಹಳೇ ಬಾಣಲೆ ಕವುಚಿ. ಇಂಜಿನ್ನನ್ನು ಕೊಟ್ಟಿಗೆ ಮಾಡಿನ ಒಳಗೆ ಎಳೆದು, ನೆಲಕ್ಕೆ ತಾಗದ ಹಾಗೆ ಎರಡು ದಿಮ್ಮಿ ಮೇಲೆ ಇಡಿ. ಯಾರೂ ಹ್ಯಾಂಡಲ್ ಹಾಕಿ ತಿರುಗಿಸಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದಕ್ಕೂ ಸ್ವಲ್ಪ ಡೀಸೆಲ್ ಬಿಡಿ. ಬಿಡುವ ಮೊದಲು ಅಣ್ಣ ಮೊಬೈಲ್ ಟಾರ್ಚು ಹಾಕಿ ನಾಲ್ಕು ತೂತಿನೊಳಗಿನದ್ದೂ ಫೋಟೊ ತೆಗೆಯಲಿ, ಯಾವುದು ಎಷ್ಟನೇದು ಅಂತ ಬರೆದು ಕಳಿಸಲಿ. ಅದನ್ನು ನೋಡಿ ಆಮೇಲೆ ಗುಜರಿಯವನ ಮಾತು.

ಅಮ್ಮನಿಗೆ ಹೇಳಿ, ಅವಳ ಜೋನಿಬೆಲ್ಲದ ಡಬ್ಬಿಗೆ ನಾನು ಕಣ್ಣು ಹಾಕುವುದಿಲ್ಲ. ಕಾಕಂಬಿಯನ್ನು ಮಂಡ್ಯ ಕಡೆಯಿಂದ ತರಿಸೋಣ.

ನಿಮ್ಮ ಮಗ