ಮೆಡಿಕಲ್ ಶಾಪಿನ ಅಕ್ಕನಿಗೆ

ಅಕ್ಕಾ, ಅಂದು ಅಂಗಡಿಯಲ್ಲಿ ನನ್ನ ಹಿಂದೆ ಜನ ಕಾಯುತ್ತಿದ್ದರು, ನಿಮ್ಮ ಹೆಸರು ಕೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನಂತೆ ವರ್ಷವಿಡೀ ಸೀನುವವರಿಗೆ ಕಾರಣ ಹೇಳುವವರು ಬೇಕಾದಷ್ಟು ಜನ. ಬೆಂಗಳೂರಿನ ಹವಾ, ಕಾಂಗ್ರೆಸ್ ಗಿಡ, ಪಾರಿವಾಳ, ಮೊಸರು. (ಮೊಸರಿನ ಮೇಲೆ ನಮ್ಮವರಿಗೆ ಅದೇನು ಸಿಟ್ಟೋ!) ಯಾವುದಕ್ಕೆ ಅಲರ್ಜಿ ಎಂದು ತಿಳಿಯುವ ಚರ್ಮದ ಪರೀಕ್ಷೆಗೆಂದು ಅಲರ್ಜಿ ಮಾತ್ರೆ ನಿಲ್ಲಿಸಿ, ಮೂಗು ಒರೆಸಿಕೊಳ್ಳುತ್ತಾ ಕಾದಿದ್ದೇ ಬಂತು. ಧೂಳಿನ ಹುಳ, ಜಿರಳೆ, ಪರಾಗ, ಬೂಷ್ಟು ಯಾವುದಕ್ಕೂ ತೋಳು ಊದಲಿಲ್ಲ. ಕೊನೆಗೆ ಡಾಕ್ಟರು ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ ಬರೆದರು.

ನೀವು ಅದನ್ನು ಬರೀ ಕವರಿಗೆ ಹಾಕಿ ಕೊಡಲಿಲ್ಲ. ತಲೆ ಹಿಂದಕ್ಕೆ ಎತ್ತಬೇಡಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ ಅಂದಿರಿ. ಬಲಹೊಳ್ಳೆಗೆ ಎಡಗೈ, ಎಡಹೊಳ್ಳೆಗೆ ಬಲಗೈ. ಸ್ಪ್ರೇ ತುದಿ ಮೂಗಿನ ನಡುಗೋಡೆಯ ಕಡೆಗಲ್ಲ, ಕಿವಿಯ ಕಡೆಗೆ; ಇಲ್ಲದಿದ್ದರೆ ರಕ್ತ ಬರಬಹುದು. ಜೋರಾಗಿ ಎಳೆದುಕೊಂಡರೆ ಔಷಧಿ ಗಂಟಲಿಗೆ ಹೋಗುತ್ತದೆ. ಪೆನ್ನನ್ನೇ ಸ್ಪ್ರೇಯಂತೆ ಹಿಡಿದು ತೋರಿಸಿದಿರಿ.

ಜೊತೆಗೆ, ತಕ್ಷಣ ಮೂಗು ಬಿಡಿಸುವ ಡ್ರಾಪ್ಸ್ ಕೇಳಿದೆ. ‘ಅದು ಮೂರ್ನಾಲ್ಕು ದಿನಕ್ಕೆ ಸರಿ. ದಿನಾ ಹಾಕಿದ್ರೆ ಮೂಗು ಇನ್ನೂ ಕಟ್ಟುತ್ತೆ. ಸ್ಪ್ರೇ ಕೆಲಸ ಮಾಡೋಕೆ ಒಂದೆರಡು ವಾರ ಬೇಕು, ಬಿಡದೆ ಹಾಕಿ’ ಅಂದು, ಆಗಬೇಕಿದ್ದ ವ್ಯಾಪಾರವನ್ನೂ ಬಿಟ್ಟಿರಿ.

ಕಾರಣ ಇನ್ನೂ ಗೊತ್ತಿಲ್ಲ. ಅಗರಬತ್ತಿ ಹೊಗೆ, ಎಸಿ ಗಾಳಿಗೆ ಈಗಲೂ ಸೀನು ಬರುತ್ತದೆ. ಆದರೆ ರಾತ್ರಿ ಬಾಯಿ ತೆರೆದುಕೊಂಡು ಮಲಗುವುದು ತಪ್ಪಿದೆ. ತುಂಬಾ ಥ್ಯಾಂಕ್ಸ್ ಅಕ್ಕಾ.