ಮೊದಲ ಮೇಷ್ಟ್ರ ಹೆಸರೂ ಇರಲಿ

ಸಂಪಾದಕರೇ,

ಆಸ್ಟ್ರೇಲಿಯಾದ ಹಳೆಯ ಹಳ್ಳಿ ಶಾಲೆಗಳ ಕುರಿತ ನಿಮ್ಮ ಬರಹದಲ್ಲಿ ಕಟ್ಟಡಗಳ ಮಾತೇ ಜಾಸ್ತಿ, ಮೇಷ್ಟ್ರ ಸುದ್ದಿಯೇ ಇಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ 1866ರ ಶಾಲಾ ಕಾಯ್ದೆ ಬಂದ ಮೇಲೆ ನಾಲ್ಕಾರು ಮನೆಗಳ ಊರಿಗೂ ಶಾಲೆಯ ದಾರಿ ತೆರೆಯಿತು. ಸಣ್ಣ ಶಾಲೆಗಳಲ್ಲಿ ಕಟ್ಟಡ ಪೋಷಕರದು, ಸಂಬಳ ಸರ್ಕಾರದ್ದು. ಹಲಗೆ ಗೋಡೆ, ಮರದ ತೊಗಟೆಯ ಚಾವಣಿ, ಒಂದೇ ಕೋಣೆ. ಎಲ್ಲ ತರಗತಿಗೂ ಒಬ್ಬರೇ ಮೇಷ್ಟ್ರು. ಮಕ್ಕಳು ತೀರಾ ಕಡಿಮೆಯಿದ್ದ ಕಡೆ ಅವರೇ ಎರಡು ಶಾಲೆ ನೋಡಬೇಕಿತ್ತು. ಒಂದು ಶಾಲೆಯ ಮಕ್ಕಳಿಗೆ ಹೋಂವರ್ಕ್ ಕೊಟ್ಟು, ಕುದುರೆ ಹತ್ತಿ ಇನ್ನೊಂದು ಶಾಲೆಗೆ ಹೊರಡಬೇಕು. ಎಂಥ ದುಡಿಮೆ ಅಲ್ವಾ! ಅಂಥ ಶಾಲೆಗಳಿದ್ದ ಜಾಗದ ಫಲಕಗಳಲ್ಲಿ ಬರೀ ಇಸವಿ ಸಾಲದು. ದಾಖಲೆ ಹುಡುಕಿ ಮೊದಲ ಮೇಷ್ಟ್ರ ಹೆಸರನ್ನೂ ಕೆತ್ತಿಸಲಿ.

– ಒಬ್ಬ ಓದುಗ, ಸಿಡ್ನಿ